ಎಲುಬಿಗೆ ಹೆಸರು ಸಿಕ್ಕಿದ್ದು ಹೇಗೆ? ದೊರೆ ರಿಚರ್ಡನ ಗೋರಿ ಕುರಿತು ಓದುಗರ ಪ್ರಶ್ನೆಗಳು

ಇಂಗ್ಲೆಂಡಿನ ದೊರೆ ಮೂರನೆಯ ರಿಚರ್ಡ್ 1485ರ ಆಗಸ್ಟ್ 22ರಂದು ಬಾಸ್ವರ್ತ್ ಕಾಳಗದಲ್ಲಿ ಸತ್ತ. ಆಗ ಅವನಿಗೆ 32 ವರ್ಷ. ಗೆದ್ದ ಹೆನ್ರಿ ಟ್ಯೂಡರ್ ಪಟ್ಟವೇರಿದ. ಸೋತವನ ಹೆಣವನ್ನು ಲೆಸ್ಟರ್ ಊರಿಗೆ ತಂದು, ಜನರಿಗೆ ತೋರಿಸಿ, ಅಲ್ಲಿಯ ಫ್ರಾನ್ಸಿಸ್ಕನ್ ಮಠದ ಚರ್ಚಿನಲ್ಲಿ ಹೂಳಿದರು. ಮುಂದೆ ಮಠ ಹಾಳಾಯಿತು, ಗೋರಿಯ ಗುರುತೂ ಹೋಯಿತು. 2012ರಲ್ಲಿ ಅದೇ ಊರಿನ ನಗರಾಡಳಿತದ ಕಾರ್ ಪಾರ್ಕಿಂಗ್ ಜಾಗ ಅಗೆದಾಗ ಒಂದು ಅಸ್ಥಿಪಂಜರ ಸಿಕ್ಕಿತು. ಅದು ರಿಚರ್ಡನದೇ ಎಂದು ಲೆಸ್ಟರ್ ವಿಶ್ವವಿದ್ಯಾಲಯ 2013ರ ಫೆಬ್ರವರಿ 4ರಂದು ಘೋಷಿಸಿತು. ಇದರ ಬಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಕೇಳಿದ್ದರಲ್ಲಿ ಆಯ್ದ ಪ್ರಶ್ನೆಗಳು ಇಲ್ಲಿವೆ. ಒಂದೇ ಅರ್ಥದವನ್ನು ಕೂಡಿಸಿದ್ದೇವೆ.

ಇಡೀ ಊರು ಬಿಟ್ಟು ಆ ಪಾರ್ಕಿಂಗ್ ಜಾಗವನ್ನೇ ಯಾಕೆ ಅಗೆದರು? ನಸೀಬು ಚಲೋ ಇತ್ತು ಅನ್ನೋಣವೇ?
(ಪ್ರೌಢಶಾಲಾ ಶಿಕ್ಷಕರು, ನಿಪ್ಪಾಣಿ)

ಜಾಗದ ಮಟ್ಟಿಗೆ ನಸೀಬಿಗಿಂತ ಕಾಗದಪತ್ರದ ಪಾಲೇ ದೊಡ್ಡದು. ರಿಚರ್ಡನ ಕಾಲದವನೇ ಆದ ಜಾನ್ ರೌಸ್, ದೊರೆಯನ್ನು ಲೆಸ್ಟರಿನ ಮಠದ ಚರ್ಚಿನ ‘ಕ್ವಾಯರ್’ನಲ್ಲಿ ಹೂಳಿದರೆಂದು ಬರೆದಿಟ್ಟಿದ್ದ. ಕ್ವಾಯರ್ ಎಂದರೆ ಪೂಜಾಸ್ಥಾನದ ಮುಂದೆ ಸನ್ಯಾಸಿಗಳು ಸಾಲಾಗಿ ನಿಂತು ಪ್ರಾರ್ಥನೆ ಹಾಡುವ ಭಾಗ. ನಮ್ಮ ಗುಡಿಯ ಲೆಕ್ಕದಲ್ಲಿ ಗರ್ಭಗುಡಿಗೆ ತಾಗಿದ ಒಳಮಂಟಪ ಅಂದುಕೊಳ್ಳಿ. ಹತ್ತು ವರ್ಷದ ನಂತರ, 1495ರಲ್ಲಿ, ಹೆನ್ರಿಯೇ ಹಣ ಕೊಟ್ಟು ಅದರ ಮೇಲೊಂದು ಗೋರಿ ಕಟ್ಟಿಸಿದ. 1538ರಲ್ಲಿ ಮಠ ಮುಚ್ಚಿತು. ಮುಂದೆ ಆ ಜಾಗ ಊರಿನ ಮೇಯರ್ ಆಗಿದ್ದ ರಾಬರ್ಟ್ ಹೆರಿಕ್‌ನ ತೋಟವಾಯಿತು. ‘ಇಲ್ಲಿ ಮೂರನೆಯ ರಿಚರ್ಡನ ದೇಹವಿದೆ’ ಎಂದು ಬರೆದ ಕಲ್ಲುಕಂಬವೊಂದನ್ನು 1612ರಲ್ಲಿ ಆ ತೋಟದಲ್ಲಿ ನೋಡಿದವರಿದ್ದಾರೆ. ಅದೇ ಹೊತ್ತಿಗೆ ಎಲುಬನ್ನೆಲ್ಲ ಸೋರ್ ನದಿಗೆ ಎಸೆದರೆಂಬ ಸುದ್ದಿಯೂ ಹಬ್ಬಿತ್ತು. ಕಾಗದ ಓದುವವರು ಕಡಿಮೆ, ಸುದ್ದಿ ಕೇಳುವವರು ಹೆಚ್ಚು. ಹಾಗಾಗಿ ನದಿಯ ಕಥೆಯೇ ಗೆದ್ದಿತು.

ತೋಟದ ಗಡಿ ಹಳೆಯ ನಕ್ಷೆಗಳಲ್ಲಿ ಉಳಿದಿತ್ತು, ಬೀದಿಯ ಹೆಸರು ‘ಗ್ರೇಫ್ರಯರ್ಸ್’ (ಬೂದುಬಟ್ಟೆಯ ಫ್ರಾನ್ಸಿಸ್ಕನ್ ಸನ್ಯಾಸಿಗಳಿಗೆ ಇಂಗ್ಲಿಷಿನಲ್ಲಿದ್ದ ಹೆಸರು) ಅಂತಲೇ ಇತ್ತು. ಮಠದ ಆವರಣ ಗೊತ್ತಿತ್ತು; ಅದರೊಳಗೆ ಚರ್ಚು ಎಲ್ಲಿ ಎನ್ನುವುದು ಗೊತ್ತಿರಲಿಲ್ಲ. ಹೆಚ್ಚಿನ ಭಾಗದ ಮೇಲೆ ಕಟ್ಟಡಗಳೆದ್ದಿದ್ದವು. ಬಯಲಾಗಿ ಉಳಿದದ್ದು ಪಾರ್ಕಿಂಗ್ ಜಾಗಗಳು ಮಾತ್ರ. ಮೊದಲು ನೆಲದೊಳಗೆ ರೇಡಾರ್ ಅಲೆ ಬಿಟ್ಟು ನೋಡಿದರು. ಊರೊಳಗಿನ ನೆಲದಲ್ಲಿ ಈ ಯಂತ್ರಕ್ಕೆ ಮೊದಲು ಕಾಣುವುದು ನೀರಿನ ಪೈಪು, ಕೇಬಲ್ಲು, ಹಳೇ ಮನೆಯ ಇಟ್ಟಿಗೆ ರಾಶಿ. ಇಲ್ಲೂ ಹಾಗೇ ಆಯಿತು, ಗೋಡೆಯ ಗೆರೆ ಕಾಣಲಿಲ್ಲ.

ಆಮೇಲೆ ಮಾಡಿದ್ದೇ ನಿಜವಾದ ಜಾಣತನ. ಆ ಕಾಲದ ಚರ್ಚುಗಳು ಪೂರ್ವ-ಪಶ್ಚಿಮವಾಗಿ ಉದ್ದಕ್ಕೆ ಇರುತ್ತವೆ. ಆದ್ದರಿಂದ ಉತ್ತರ-ದಕ್ಷಿಣವಾಗಿ, ಸುಮಾರು 30 ಮೀಟರ್ ಉದ್ದ, 1.6 ಮೀಟರ್ ಅಗಲದ ಎರಡು ಕಂದಕ ತೋಡಿದರೆ, ಚರ್ಚು ಎಲ್ಲೇ ಇರಲಿ, ಗೋಡೆಗಳು ಅಡ್ಡಕ್ಕೆ ಸಿಗಲೇಬೇಕು. ಗೋಡೆಯ ಕಲ್ಲುಗಳನ್ನಂತೂ ಜನ ಎಂದೋ ಕಿತ್ತೊಯ್ದಿದ್ದರು, ನಮ್ಮಲ್ಲಿ ಹಾಳುಬಿದ್ದ ವಾಡೆಯ ಕಲ್ಲು ಊರ ಮನೆಗಳ ಪಾಯಕ್ಕೆ ಹೋಗುವ ಹಾಗೆ. ಆದರೆ ಕಲ್ಲು ಕಿತ್ತ ಗುಂಡಿಗೆ ಸುಣ್ಣದ ಗಾರೆ, ಹೆಂಚಿನ ಚೂರು ಬೆರೆತ ಸಡಿಲ ಮಣ್ಣು ತುಂಬಿರುತ್ತದೆ. ಅದರ ಬಣ್ಣವೇ ಬೇರೆ. ಗೋಡೆ ಇಲ್ಲದಿದ್ದರೂ ಗೋಡೆಯ ‘ನೆರಳು’ ಅಲ್ಲಿರುತ್ತದೆ. ಕಲ್ಲಿನ ಬೆಂಚಿದ್ದ ಸಭಾಕೋಣೆ ಮೊದಲು ಸಿಕ್ಕಿತು, ಬಳಿಕ ಮೊಗಸಾಲೆ, ಅದರಾಚೆ ಚರ್ಚು. ಹೀಗೆ ಒಂದೊಂದೇ ಕೋಣೆ ಗುರುತಿಸುತ್ತ ಕ್ವಾಯರ್ ತಲುಪಿದರು.

ನಸೀಬು ಬಂದದ್ದು ಒಂದೇ ಕಡೆ. 2012ರ ಆಗಸ್ಟ್ 25, ಮೊದಲ ದಿನವೇ, ಮೊದಲ ಕಂದಕದಲ್ಲಿ ಎರಡು ಕಾಲೆಲುಬು ಕಂಡವು. ಅವನ್ನು ಆಗಲೇ ಎತ್ತಲಿಲ್ಲ, ಮುಚ್ಚಿಟ್ಟರು. ಆ ಜಾಗ ಕ್ವಾಯರಿನ ಒಳಗೇ ಬರುತ್ತದೆ ಎಂದು ನಕ್ಷೆ ಕೂಡಿಬಂದ ಮೇಲೆ, ಸರ್ಕಾರದ ಪರವಾನಗಿ ಪಡೆದು, ಸೆಪ್ಟೆಂಬರ್ 4 ಮತ್ತು 5ರಂದು ತೆಗೆದರು. ಆ ಪಾರ್ಕಿಂಗ್ ನೆಲದ ಮೇಲೆ ‘ಆರ್’ ಅಕ್ಷರ ಬರೆದಿತ್ತೆಂದು ಬಹಳ ಜನ ಬರೆಯುತ್ತಾರೆ. ಬರೆದದ್ದು ನಿಜ. ಅದು ರಿಚರ್ಡನ ಆರ್ ಅಲ್ಲ, ‘ರಿಸರ್ವ್ಡ್’ನ ಆರ್.

ಜೆಸಿಬಿ ಹಚ್ಚಿ ಅಗೆದರಂತೆ. ಎಲುಬು ಪುಡಿಯಾಗಲಿಲ್ಲವೇ?
(ಕಟ್ಟಡ ಗುತ್ತಿಗೆದಾರರು, ಜಮಖಂಡಿ)

ಮೇಲಿನ ಡಾಂಬರು, ಅದರ ಕೆಳಗಿನ ಇತ್ತೀಚಿನ ಭರಾವು ಮಣ್ಣು ತೆಗೆಯಲು ಯಂತ್ರವನ್ನೇ ಬಳಸುತ್ತಾರೆ. ನಿಮ್ಮ ಕೆಲಸಕ್ಕೂ ಅವರ ಕೆಲಸಕ್ಕೂ ವ್ಯತ್ಯಾಸ ಬಕೆಟ್ಟಿನಲ್ಲಿದೆ. ಹಲ್ಲಿರುವ ಬಕೆಟ್ ಮಣ್ಣನ್ನು ಕಿತ್ತು ಗೀರು ಬೀಳಿಸುತ್ತದೆ, ಮಣ್ಣಿನ ಬಣ್ಣದ ವ್ಯತ್ಯಾಸ ಅಳಿಸಿಹೋಗುತ್ತದೆ. ಆದ್ದರಿಂದ ಹಲ್ಲಿಲ್ಲದ ಚಪ್ಪಟೆ ಬಾಯಿಯ ಬಕೆಟ್ ಹಾಕಿ, ಬೆಣ್ಣೆ ಕೆರೆದ ಹಾಗೆ ತೆಳುವಾಗಿ ಎಳೆಯಬೇಕು. ಪಕ್ಕದಲ್ಲಿ ಒಬ್ಬರು ಪ್ರತಿ ಎಳೆತವನ್ನೂ ನೋಡುತ್ತ ನಿಲ್ಲಬೇಕು. ಮಣ್ಣಿನ ಬಣ್ಣ ಬದಲಾದರೆ, ಗಾರೆ ಕಂಡರೆ, ಎಲುಬು ಕಂಡರೆ ಯಂತ್ರ ನಿಲ್ಲಬೇಕು. ಅಲ್ಲಿಂದ ಮುಂದೆ ಪಿಕಾಸಿ, ಕರಣಿ. ಎಲುಬಿನ ಹತ್ತಿರ ಬಂದಾಗ ಮರದ ಅಥವಾ ಪ್ಲಾಸ್ಟಿಕ್ ಕಡ್ಡಿ, ಮೆತ್ತನೆ ಬ್ರಷ್. ಕಬ್ಬಿಣದ ಮೊನೆ ತಾಗಿದರೆ ಎಲುಬಿನ ಮೇಲೆ ಹೊಸ ಗೀರು ಬೀಳುತ್ತದೆ. ಆಮೇಲೆ ಅದು ಕತ್ತಿಯ ಗಾಯವೋ ಕರಣಿಯ ಗಾಯವೋ ಎಂಬ ಜಗಳ ಹುಟ್ಟುತ್ತದೆ.

ಇಷ್ಟೆಲ್ಲ ಎಚ್ಚರವಿದ್ದರೂ ತಪ್ಪುವುದುಂಟು. ಲೆಸ್ಟರಿನಲ್ಲೂ ತಲೆಬುರುಡೆಗೆ ಅಗೆಯುವಾಗ ಪಿಕಾಸಿ ತಗಲಿತು. ಕಾರಣ ಕೇಳಿದರೆ ಯಾರಿಗಾದರೂ ಹೀಗೇ ಆಗಬಹುದಿತ್ತು ಅನಿಸುತ್ತದೆ. ಗುಂಡಿಯನ್ನು ಆ ಕಾಲದವರು ಅವಸರದಲ್ಲಿ, ಹೆಣಕ್ಕಿಂತ ಗಿಡ್ಡದಾಗಿ ತೋಡಿದ್ದರು. ಬದಿಗಳು ನೇರವಾಗಿರಲಿಲ್ಲ, ಇಳಿಜಾರಾಗಿದ್ದವು. ದೇಹ ಪೂರ್ತಿ ಹಿಡಿಸದೆ ತಲೆ ಗುಂಡಿಯ ಗೋಡೆಗೆ ಒರಗಿ ಮೇಲೆದ್ದಿತ್ತು. ಕಾಲೆಲುಬಿನ ಮಟ್ಟ ನೋಡಿ ತಲೆಯೂ ಅಷ್ಟೇ ಆಳದಲ್ಲಿರಬೇಕು ಎಂದುಕೊಂಡರೆ ಮೋಸಹೋದಂತೆ. ಪಾದಗಳು ಸಿಗಲೇ ಇಲ್ಲ. ಮುಂದಿನ ಕಾಲದ ಕಟ್ಟಡ ಕೆಲಸದಲ್ಲಿ ಹೋಗಿರಬೇಕು. ಆ ಅಗೆತ ಸ್ವಲ್ಪ ಈಚೆ ಬಂದಿದ್ದರೆ ಇಡೀ ಅಸ್ಥಿಪಂಜರವೇ ಇರುತ್ತಿರಲಿಲ್ಲ.

ಎತ್ತುವ ಮೊದಲು ಪೂರ್ತಿ ತೆರೆದು, ಇದ್ದ ಭಂಗಿಯಲ್ಲೇ ಫೋಟೋ, ಅಳತೆ, ಪ್ರತಿ ಭಾಗದ ಮಟ್ಟ ಬರೆದುಕೊಳ್ಳಬೇಕು. ಭಂಗಿಯೂ ಪುರಾವೆಯೇ. ಶವಪೆಟ್ಟಿಗೆಯ ಮೊಳೆಗಳಿರಲಿಲ್ಲ, ಹೆಣ ಬಿಗಿದು ಸುತ್ತಿದ ಬಟ್ಟೆಯ ಗುರುತಿರಲಿಲ್ಲ. ಕೈಗಳೆರಡೂ ಬಲ ಸೊಂಟದ ಬಳಿ ಒಂದರ ಮೇಲೊಂದು ಇದ್ದವು, ಕಟ್ಟಿದ್ದರೂ ಕಟ್ಟಿರಬಹುದು. ದೊರೆಗೆ ತಕ್ಕ ಮಣ್ಣು ಅದಲ್ಲ ಎನ್ನುವುದು ಅಲ್ಲೇ ಗೊತ್ತಾಗುತ್ತದೆ. ಎಡಗೈ, ಬಲಗೈ, ಪಕ್ಕೆಲುಬು ಎಲ್ಲವನ್ನೂ ಬೇರೆ ಬೇರೆ ಚೀಲದಲ್ಲಿಟ್ಟು ಚೀಟಿ ಹಚ್ಚಬೇಕು. ಒಂದೇ ಚೀಲಕ್ಕೆ ಸುರಿದರೆ ಬೆರಳೆಲುಬು ಬೇರ್ಪಡಿಸಲು ವಾರಗಟ್ಟಲೆ ಬೇಕು. ತೆಗೆಯುವವರು ಮೈತುಂಬ ಬಿಳಿ ಸೂಟು, ಕೈಗವಸು, ಮುಖಗವಸು ಹಾಕಿದ್ದರು. ಒಂದು ಸೀನು ಸಾಕು, ಐದು ನೂರು ವರ್ಷದ ಡಿಎನ್ಎ ಮೇಲೆ ಇಂದಿನವರ ಡಿಎನ್ಎ ಕೂತುಬಿಡುತ್ತದೆ.

ಮಣ್ಣನ್ನೂ ತೆಗೆದಿಟ್ಟರು. ಹೊಟ್ಟೆಯ ಕರುಳಿದ್ದ ಕಡೆ, ಅಂದರೆ ಸೊಂಟದೆಲುಬಿನ ಒಳಗಿನ ಮಣ್ಣಿನಲ್ಲಿ ಜಂತುಹುಳುವಿನ ಮೊಟ್ಟೆ ಬಹಳ ಸಿಕ್ಕವು. ಇಷ್ಟೇ ಆದರೆ ‘ಆ ಮಣ್ಣಲ್ಲೇ ಇದ್ದವೇನೋ’ ಎನ್ನಬಹುದಿತ್ತು. ಅದಕ್ಕೆ ತಲೆಬುರುಡೆಯ ಒಳಗಿನ ಮಣ್ಣನ್ನೂ ಗೋರಿಯ ಹೊರಗಿನ ಮಣ್ಣನ್ನೂ ನೋಡಿದರು. ಬುರುಡೆಯಲ್ಲಿ ಒಂದೂ ಇಲ್ಲ, ಹೊರಗೆ ತೀರಾ ಕಡಿಮೆ. ದೊರೆಗೆ ಹೊಟ್ಟೆಹುಳು ಇದ್ದದ್ದು ಖಚಿತವಾಯಿತು.

ಕಾರ್ಬನ್ ಪರೀಕ್ಷೆ ಮೊದಲು ತಪ್ಪು ಕಾಲ ತೋರಿಸಿತು, ಆಮೇಲೆ ‘ಸರಿಪಡಿಸಿದರು’ ಅಂತ ಓದಿದೆ. ಇದು ಬೇಕಾದ ಉತ್ತರ ಬರಿಸಿಕೊಂಡ ಹಾಗಲ್ಲವೇ?
(ಪಿಯುಸಿ ವಿದ್ಯಾರ್ಥಿನಿ, ಮುಧೋಳ)

ಅನುಮಾನ ಚಲೋದು, ಉತ್ತರ ಸ್ವಲ್ಪ ಉದ್ದ.

ಉಸಿರಿರುವ ತನಕ ಗಿಡ, ಪ್ರಾಣಿ, ಮನುಷ್ಯ ಎಲ್ಲರ ಮೈಯಲ್ಲೂ ಕಾರ್ಬನ್-14 ಎಂಬ ವಿಕಿರಣಶೀಲ ಕಾರ್ಬನ್ ತುಂಬುತ್ತಿರುತ್ತದೆ. ಸತ್ತ ಮೇಲೆ ತುಂಬುವುದು ನಿಲ್ಲುತ್ತದೆ, ಇದ್ದದ್ದು ಕರಗುತ್ತದೆ. 5,730 ವರ್ಷಕ್ಕೆ ಅರ್ಧ. ಉಳಿದದ್ದನ್ನು ಅಳೆದು ಕಾಲ ಹೇಳುತ್ತಾರೆ. ಪರೀಕ್ಷೆಗೆ ಬೇಕಾದದ್ದು ಎಲುಬಿನ ಸುಣ್ಣವಲ್ಲ, ಅದರೊಳಗಿನ ಕೊಲಾಜನ್ ಎಂಬ ಪ್ರೋಟೀನು. ರಿಚರ್ಡನ ಪಕ್ಕೆಲುಬಿನ ತುಣುಕುಗಳನ್ನು ಎರಡು ಬೇರೆ ಬೇರೆ ಲ್ಯಾಬಿಗೆ ಕಳಿಸಿದರು. ಒಂದು ಲ್ಯಾಬ್ 1430ರಿಂದ 1460 ಎಂದಿತು, ಇನ್ನೊಂದು 1412ರಿಂದ 1449. ದೊರೆ ಸತ್ತದ್ದು 1485ರಲ್ಲಿ. ಎರಡೂ ಹಳೆಯದಾದವು.

ಯಾಕೆ? ಭೂಮಿಯ ಮೇಲೆ ಬೆಳೆದದ್ದನ್ನಷ್ಟೇ ತಿನ್ನುವವರಿಗೆ ಈ ಲೆಕ್ಕ ಸರಿ. ಸಮುದ್ರದ ಕಥೆ ಬೇರೆ. ಆಳದ ನೀರಿನಲ್ಲಿ ಹಳೆಯ ಕಾರ್ಬನ್ ತುಂಬ ಕಾಲ ಉಳಿದು, ಆಮೇಲೆ ಮೇಲಕ್ಕೆ ಬಂದು ಮೀನಿನ ಮೈ ಸೇರುತ್ತದೆ. ಇಂದು ಹಿಡಿದ ಸಮುದ್ರದ ಮೀನೂ ಕಾರ್ಬನ್ ಲೆಕ್ಕದಲ್ಲಿ ಸರಾಸರಿ 400 ವರ್ಷ ಹಳೆಯದಾಗಿ ಕಾಣುತ್ತದೆ. ಮೀನು ಹೆಚ್ಚು ತಿಂದವನ ಎಲುಬಿಗೂ ಆ ಮುಪ್ಪಿನ ಪಾಲು ಬರುತ್ತದೆ. ಎಷ್ಟು ಪಾಲು ಎನ್ನುವುದನ್ನು ಮನಸ್ಸಿಗೆ ಬಂದಂತೆ ಹಾಕಿಕೊಳ್ಳುವುದಿಲ್ಲ, ಅದೇ ಎಲುಬಿನ ಸ್ಥಿರ, ಅಂದರೆ ಕಾಲ ಕಳೆದರೂ ಕರಗದ, ಕಾರ್ಬನ್, ನೈಟ್ರೋಜನ್ ಪ್ರಮಾಣ ಅಳೆದು ಲೆಕ್ಕ ಹಾಕುತ್ತಾರೆ. ರಿಚರ್ಡನ ಊಟದಲ್ಲಿ ಮಾಂಸ, ಸಮುದ್ರದ ಆಹಾರ ಹೆಚ್ಚಿತ್ತು. ತಿದ್ದಿದ ಮೇಲೆ 1450ರಿಂದ 1540ರ ನಡುವೆ ಎಂದು ಬಂತು. ಗಮನಿಸಿ, ತಿದ್ದುಪಡಿಯಿಂದ ಉತ್ತರ 1485ಕ್ಕೆ ಹೋಗಿ ಕೂರಲಿಲ್ಲ, 90 ವರ್ಷದ ಪಟ್ಟಿಯಾಗಿ ಅಗಲವಾಯಿತು. ಬೇಕಾದ ಉತ್ತರ ಬರಿಸಿಕೊಳ್ಳುವವರು ಹೀಗೆ ಮಾಡುವುದಿಲ್ಲ. ಕಾರ್ಬನ್ ಪರೀಕ್ಷೆ ಇಲ್ಲಿ ಹೇಳಿದ್ದು ‘ಇದು ಅವನಾಗಿರಲು ಅಡ್ಡಿಯಿಲ್ಲ’ ಎಂಬಷ್ಟೇ ಮಾತು.

ಇದೇ ಪರೀಕ್ಷೆ ನಮ್ಮ ಕಡೆಯ ಎಲುಬಿಗೆ ಮಾಡಿದರೆ ಇನ್ನೊಂದು ಮೋಸವಿದೆ. ಗೋಧಿ, ಅಕ್ಕಿ, ತೊಗರಿ, ಹೆಸರು ಒಂದು ಜಾತಿಯಾಗಿ ಗಾಳಿಯ ಕಾರ್ಬನ್ ಹೀರುತ್ತವೆ. ಜೋಳ, ಸಜ್ಜೆ, ಮೆಕ್ಕೆಜೋಳದ ರೀತಿಯೇ ಬೇರೆ. ದಿನಾ ಜೋಳದ ರೊಟ್ಟಿ ತಿಂದವನ ಎಲುಬಿನ ಸ್ಥಿರ ಕಾರ್ಬನ್ ಪ್ರಮಾಣ ಸಮುದ್ರದ ಮೀನು ತಿಂದವನಂತೆಯೇ ಕಾಣುತ್ತದೆ. ಕಾರ್ಬನ್ ಒಂದನ್ನೇ ನೋಡಿದವರು ಮುಧೋಳದ ರೈತನನ್ನು ಕಾರವಾರದ ಮೀನುಗಾರನೆಂದು ತಿಳಿದು, ಬೇಡದ ತಿದ್ದುಪಡಿ ಹಾಕಿ, ಎಲುಬನ್ನು ನೂರಾರು ವರ್ಷ ಈಚೆಗೆ ತಂದುಬಿಡಬಹುದು. ನೈಟ್ರೋಜನ್ ನೋಡಿದರೆ ಗುಟ್ಟು ರಟ್ಟಾಗುತ್ತದೆ: ಮೀನು ತಿಂದವರಲ್ಲಿ ಅದು ಏರಿರುತ್ತದೆ, ರೊಟ್ಟಿ ತಿಂದವರಲ್ಲಿ ಏರಿರುವುದಿಲ್ಲ.

ನಮ್ಮ ಮನೆಗೆ ಹೆಳವರು ಬಂದು ಹತ್ತು ತಲೆಮಾರಿನ ಹೆಸರು ಹೇಳುತ್ತಾರೆ. ಇಂಥ ವಂಶಾವಳಿ ಇದ್ದರೆ ಡಿಎನ್ಎ ಹೊಂದಿಸಬಹುದಲ್ಲವೇ? ರಿಚರ್ಡನಿಗೆ ಹೊಂದಿಸಿದ್ದು ಹೀಗೆಯೇ?
(ರೈತರು, ಬೈಲಹೊಂಗಲ)

ಹೆಳವರ ಹೊತ್ತಿಗೆಯಂಥದೇ ಬೇಕಾದದ್ದು, ಆದರೆ ಅದರ ತದ್ವಿರುದ್ಧದ್ದು. ಹೆಳವರು ಎತ್ತಿನ ಮೇಲೆ ಬಂದು ಹೇಳುವುದು ಮನೆತನದ ಹೆಸರು: ಅಪ್ಪ, ಅಜ್ಜ, ಮುತ್ತಜ್ಜ. ಮಗಳು ಕೊಟ್ಟ ಮನೆಗೆ ಹೋದರೆ ಈ ಸಾಲಿನಿಂದ ಹೊರಗೆ. ಹಳೆಯ ಎಲುಬಿನಲ್ಲಿ ಸುಲಭವಾಗಿ ಸಿಗುವ ಡಿಎನ್ಎ ಮೈಟೊಕಾಂಡ್ರಿಯದ್ದು, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗದ್ದು. ಒಂದು ಜೀವಕೋಶದಲ್ಲಿ ಅದರ ನೂರಾರು ಪ್ರತಿಗಳಿರುತ್ತವೆ, ಹಾಗಾಗಿ ಉಳಿಯುವ ಸಂಭವ ಹೆಚ್ಚು. ಅದು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಮಗನಿಗೂ ಬರುತ್ತದೆ, ಮಗನಿಂದ ಮುಂದೆ ಹೋಗುವುದಿಲ್ಲ. ರಿಚರ್ಡನ ಮಕ್ಕಳಿಂದ ಉಪಯೋಗವೇ ಇರಲಿಲ್ಲ. ಅವನ ತಾಯಿ ಸಿಸಿಲಿ ನೆವಿಲ್‌ಳ ಡಿಎನ್ಎ ಅವನಿಗೂ ಅವನ ಅಕ್ಕ ಆ್ಯನ್‌ಗೂ ಒಂದೇ. ಆ್ಯನ್‌ಳ ಮಗಳು, ಆ ಮಗಳ ಮಗಳು, ಹೀಗೆ ಎಲ್ಲೂ ಕಡಿಯದ ಹೆಣ್ಣುಬಳ್ಳಿಯೊಂದು ಇಂದಿನವರೆಗೆ ಬರಬೇಕಿತ್ತು. ಪ್ರತಿ ತಲೆಮಾರಿಗೂ ಮದುವೆಯಾಗಿ ಹೆಸರು ಬದಲಾಗುತ್ತದೆ. ಮದುವೆ, ದೀಕ್ಷಾಸ್ನಾನದ ದಾಖಲೆ, ಮರಣಪತ್ರ ಹಿಡಿದು ಒಂದೊಂದೇ ಕೊಂಡಿ ಕೂಡಿಸಬೇಕು.

ಇತಿಹಾಸಕಾರ ಜಾನ್ ಆಶ್‌ಡೌನ್-ಹಿಲ್ ಈ ಬಳ್ಳಿ ಹಿಡಿದು ಹೋಗಿ ತಲುಪಿದ್ದು ಕೆನಡಾದ ಒಬ್ಬ ಮಹಿಳೆಯನ್ನು. ಅವರ ಮಗ ಮೈಕೆಲ್ ಇಬ್ಸೆನ್ ಲಂಡನ್ನಿನಲ್ಲಿ ಬಡಿಗತನ ಮಾಡಿಕೊಂಡಿದ್ದವರು. ವಿಶ್ವವಿದ್ಯಾಲಯದವರು ಕೊಂಡಿಗಳನ್ನು ಮತ್ತೆ ದಾಖಲೆ ಇಟ್ಟು ಪರೀಕ್ಷಿಸಿದರು. ಅದೇ ಆ್ಯನ್‌ಳಿಂದ ಬಂದ, ಇಬ್ಸೆನ್ನರ ಕುಟುಂಬಕ್ಕೆ ಗೊತ್ತೇ ಇಲ್ಲದ ಇನ್ನೊಂದು ಬಳ್ಳಿಯನ್ನೂ ಹುಡುಕಿದರು. ಒಬ್ಬರಷ್ಟೇ ಹೊಂದಿದರೆ ಕಾಕತಾಳೀಯ ಅನ್ನಬಹುದು, ಕಾಗದದ ತಪ್ಪು ಅನ್ನಬಹುದು. ಬೇರೆ ಬೇರೆ ದಾರಿಯಲ್ಲಿ ಬಂದ ಇಬ್ಬರು ಹೊಂದಿದರೆ ಎರಡೂ ಮಾತು ನಡೆಯುವುದಿಲ್ಲ. ರಿಚರ್ಡನಿಂದ ಒಬ್ಬರು 19 ಕೊಂಡಿ ದೂರ, ಇನ್ನೊಬ್ಬರು 21. ಮೈಟೊಕಾಂಡ್ರಿಯದ ಸುಮಾರು 16,569 ಅಕ್ಷರಗಳಲ್ಲಿ ಇಬ್ಸೆನ್ನರದು ಪೂರ್ತಿ ಹೊಂದಿತು, ಇನ್ನೊಬ್ಬರದರಲ್ಲಿ ಒಂದೇ ಅಕ್ಷರ ಬೇರೆ. ಅಷ್ಟು ತಲೆಮಾರಿಗೆ ಒಂದು ಅಕ್ಷರ ಜಾರುವುದು ಸಹಜ. ಇದರ ಜತೆಗೆ ಆ ಡಿಎನ್ಎ ಮಾದರಿ ಯುರೋಪಿನಲ್ಲೇ ಬಹಳ ಅಪರೂಪ. ಸಾಮಾನ್ಯ ಮಾದರಿಯಾಗಿದ್ದರೆ ಹೊಂದಿದರೂ ಬೆಲೆಯಿರುತ್ತಿರಲಿಲ್ಲ.

ಗಂಡುಬಳ್ಳಿಯನ್ನೂ ನೋಡಿದರು, ಅಂದರೆ ಅಪ್ಪನಿಂದ ಮಗನಿಗೆ ಹೋಗುವ ವೈ ಕ್ರೋಮೊಸೋಮ್. ರಿಚರ್ಡನ ಮುತ್ತಜ್ಜನ ಅಪ್ಪ ಮೂರನೆಯ ಎಡ್ವರ್ಡ್ ದೊರೆಯಿಂದ ಗಂಡುಸಾಲಿನಲ್ಲಿ ಬಂದವರೆಂದು ಕಾಗದ ಹೇಳುವ ಐವರನ್ನು ಪರೀಕ್ಷಿಸಿದರೆ ಒಬ್ಬರದೂ ಹೊಂದಲಿಲ್ಲ! ಐವರಲ್ಲಿ ಒಬ್ಬರದು ಉಳಿದ ನಾಲ್ವರಿಗೂ ಹೊಂದಲಿಲ್ಲ. ಇದಕ್ಕೆ ಕಾರಣ ಎಲುಬಿನಲ್ಲಿಲ್ಲ, ಮನುಷ್ಯರಲ್ಲಿದೆ. ತಾಯಿ ಯಾರೆಂಬುದಕ್ಕೆ ಸೂಲಗಿತ್ತಿ ಸಾಕ್ಷಿ. ಅಪ್ಪ ಯಾರೆಂಬುದಕ್ಕೆ ಕಾಗದ ಮಾತ್ರ ಸಾಕ್ಷಿ. ಒಂದು ತಲೆಮಾರಿಗೆ ನೂರಕ್ಕೆ ಒಂದು ಸಲ ಹಾಗಾಗುತ್ತದೆ ಎಂದು ಹಿಡಿದರೂ, ರಿಚರ್ಡನಿಗೂ ಆ ಸಾಲಿಗೂ ನಡುವಿನ 19 ಕೊಂಡಿಗಳಲ್ಲಿ ಎಲ್ಲಾದರೂ ಒಮ್ಮೆ ತಪ್ಪುವ ಸಂಭವ ನೂರಕ್ಕೆ 17ರಷ್ಟಾಗುತ್ತದೆ. ಹೆಳವರ ಹೊತ್ತಿಗೆಗೂ ಈ ಮಾತು ಅನ್ವಯಿಸುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಸೀಮೆಯಲ್ಲಿ ಮೈಟೊಕಾಂಡ್ರಿಯಕ್ಕೂ ಒಂದು ತೊಡಕುಂಟು. ಅಕ್ಕನ ಮಗಳನ್ನು ಮದುವೆಯಾಗುವ ರೂಢಿ ನಮ್ಮಲ್ಲಿ ಹಳೆಯದು. ಸೋದರಮಾವನಿಗೂ ಅಕ್ಕನ ಮಗಳಿಗೂ ಮೈಟೊಕಾಂಡ್ರಿಯದ ಡಿಎನ್ಎ ಒಂದೇ. ಅವರು ಗಂಡ ಹೆಂಡತಿಯಾದರೆ ಮಕ್ಕಳಿಗೆ ಬಂದದ್ದು ಅಮ್ಮನದು, ಆದರೆ ಅದು ಅಪ್ಪನದಕ್ಕೂ ಹೊಂದುತ್ತದೆ. ನಾಲ್ಕಾರು ಊರುಗಳ ನಡುವೆಯೇ ಹೆಣ್ಣು ಕೊಟ್ಟು ತಂದಿದ್ದರೆ ಅರ್ಧ ಹೋಬಳಿ ಒಂದೇ ಬಳ್ಳಿ. ‘ಹೊಂದಿತು’ ಎಂಬ ಮಾತಿಗೆ ಆಗ ಅಷ್ಟು ತೂಕವಿರುವುದಿಲ್ಲ.

‘99.999 ಶೇಕಡಾ ಖಚಿತ’ ಎಂದರಂತೆ. ಅಷ್ಟು ಕರಾರುವಾಕ್ಕಾಗಿ ಹೇಗೆ ಹೇಳಿದರು?
(ಬ್ಯಾಂಕ್ ಉದ್ಯೋಗಿ, ಬೆಳಗಾವಿ)

ಒಂದೊಂದು ಪುರಾವೆಗೂ ಎರಡು ಪ್ರಶ್ನೆ ಕೇಳಬೇಕು. ಇದು ರಿಚರ್ಡನಾದರೆ ಇಂಥದ್ದು ಕಾಣುವ ಸಂಭವ ಎಷ್ಟು? ಬೇರೆ ಯಾರೋ ಆದರೆ ಎಷ್ಟು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಆ ಪುರಾವೆಯ ತೂಕ. ಕಾಲ, ಗಂಡು, ವಯಸ್ಸು, ಬಾಗಿದ ಬೆನ್ನೆಲುಬು, ಯುದ್ಧದ ಗಾಯ, ಹೆಣ್ಣುಬಳ್ಳಿಯ ಡಿಎನ್ಎ, ಎಲ್ಲದರ ತೂಕ ಗುಣಿಸುತ್ತಾರೆ. ಹೊಂದದ ವೈ ಕ್ರೋಮೊಸೋಮನ್ನು ಬಿಟ್ಟುಬಿಡದೆ, ವಿರುದ್ಧದ ಪುರಾವೆಯಾಗಿ ಸೇರಿಸಿ ಗುಣಿಸಿದ್ದಾರೆ. ವಿಶ್ವವಿದ್ಯಾಲಯದ ತಂಡ ಈ ಲೆಕ್ಕವನ್ನು 2014ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ನಮಗೆ ಮೆಚ್ಚಿಗೆಯಾದದ್ದು ಅದೇ. ಕೆಲವು ಇತಿಹಾಸಕಾರರಿಗೆ ಇಷ್ಟಾದರೂ ಸಮಾಧಾನವಾಗಲಿಲ್ಲ. ಅದೇ ತಾಯಿಬಳ್ಳಿಯ ಇನ್ನೊಬ್ಬ ಬಂಧು ಯುದ್ಧದಲ್ಲಿ ಸತ್ತಿರಬಾರದೇಕೆ ಎಂದು ಕೇಳಿದರು. ಕೇಳಬಹುದು, ಆದರೆ ಆ ಬಂಧುವಿಗೂ ಬೆನ್ನು ಬಾಗಿರಬೇಕು, ಅದೇ ವಯಸ್ಸಿರಬೇಕು, ಅದೇ ಚರ್ಚಿನ ಕ್ವಾಯರಿನಲ್ಲಿ ಹೂಳಿರಬೇಕು.

ನಾಟಕಗಳಲ್ಲಿ ಅವನನ್ನು ಗೂನುಬೆನ್ನಿನವನಂತೆ ತೋರಿಸುತ್ತಾರೆ. ನಿಜವೇ? ಹೇಗೆ ಸತ್ತ?
(ಇಂಡಿ ಮತ್ತು ಮುದ್ದೇಬಿಹಾಳದ ಓದುಗರು)

ಗೂನು ಅಲ್ಲ. ಗೂನು ಮುಂದಕ್ಕೆ ಬಾಗುವುದು, ಇವನ ಬೆನ್ನೆಲುಬು ಪಕ್ಕಕ್ಕೆ, ಬಲಕ್ಕೆ, 65ರಿಂದ 85 ಡಿಗ್ರಿಯಷ್ಟು ಬಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಹತ್ತು ವರ್ಷದ ನಂತರ ಬೆಳೆದದ್ದು. ಬಲ ಭುಜ ಸ್ವಲ್ಪ ಮೇಲೆ ಕಾಣುತ್ತಿತ್ತು. ಚೆನ್ನಾಗಿ ಹೊಲಿದ ಅಂಗಿಯೊಳಗೆ ಮುಚ್ಚಿಡಬಹುದಾದಷ್ಟೇ.

ಎಲುಬಿನ ಮೇಲೆ ಸಾಯುವ ಹೊತ್ತಿನ 11 ಗಾಯಗಳಿವೆ, ಒಂಬತ್ತು ತಲೆಬುರುಡೆಯಲ್ಲೇ. ಸಾಯುವ ಹೊತ್ತಿನದೆಂದು ಹೇಗೆ ಗೊತ್ತು? ಗಾಯವಾದ ಮೇಲೆ ಬದುಕಿದ್ದರೆ ಅಂಚು ದುಂಡಗಾಗಿ ಹೊಸ ಎಲುಬು ಬೆಳೆಯುತ್ತದೆ. ಇಲ್ಲಿ ಅಂಚು ಚೂಪಾಗಿದೆ. ಇತ್ತೀಚೆಗೆ ಅಗೆಯುವಾಗ ಆದದ್ದಾದರೆ ಒಡೆದ ಕಡೆ ಬಿಳಿಚಿರುತ್ತದೆ; ಇಲ್ಲಿ ಗಾಯದೊಳಗೂ ಹೊರಗೂ ಮಣ್ಣಿನ ಕಂದು ಬಣ್ಣ ಒಂದೇ. ಬುರುಡೆಯ ತಳದಲ್ಲಿ ಎರಡು ದೊಡ್ಡ ಗಾಯಗಳಿವೆ, ಒಂದೊಂದೂ ಪ್ರಾಣ ತೆಗೆಯಲು ಸಾಕು. ತಲೆಯ ಮೇಲೆ ಶಿರಸ್ತ್ರಾಣ ಇದ್ದಿದ್ದರೆ ಅವು ಆಗುತ್ತಿರಲಿಲ್ಲ. ಸೊಂಟದೆಲುಬಿನ ಗಾಯ ಕವಚ ತೊಟ್ಟಾಗ ಆಗುವಂಥದಲ್ಲ; ಕವಚ ಬಿಚ್ಚಿ, ಹೆಣವನ್ನು ಕುದುರೆಯ ಮೇಲೆ ಅಡ್ಡ ಹಾಕಿದಾಗ ಯಾರೋ ಹಿಂದಿನಿಂದ ಇರಿದಿರಬೇಕು.

ಗೋಳಗುಮ್ಮಟದ ಕೆಳಗೆ ನಿಜವಾಗಿ ಸುಲ್ತಾನನ ಎಲುಬು ಇವೆಯೇ? ಹೀಗೆ ಪರೀಕ್ಷೆ ಮಾಡಬಾರದೇ?
(ಪ್ರವಾಸಿ ಮಾರ್ಗದರ್ಶಿ, ವಿಜಯಪುರ)

ಮೇಲೆ ಕಟ್ಟೆಯ ಮೇಲೆ ಜನ ನೋಡುವುದು ಗುರುತಿನ ಗೋರಿಗಳು. ನಿಜವಾದ ಗೋರಿಗಳು ಅವುಗಳ ನೇರ ಕೆಳಗಿನ ನೆಲಮನೆಯಲ್ಲಿವೆ. ಮುಹಮ್ಮದ್ ಆದಿಲ್ ಶಾ 1656ರಲ್ಲಿ ಸತ್ತ. ದಕ್ಷಿಣ ಬಾಗಿಲ ಮೇಲಿನ ಪಾರಸಿ ಬರಹದ ಅಕ್ಷರಗಳ ಬೆಲೆ ಕೂಡಿಸಿದರೆ ಹಿಜರಿ 1067 ಬರುತ್ತದೆ. ಕಟ್ಟಡ, ಬರಹ, ಅಂದಿನಿಂದ ಇಂದಿನವರೆಗೆ ಕಡಿಯದ ನೆನಪು, ಮೂರೂ ಒಂದೇ ಮಾತು ಹೇಳುತ್ತಿವೆ. ರಿಚರ್ಡನ ಹೆಸರು ಒಂದು ಕಡೆ, ಎಲುಬು ಒಂದು ಕಡೆ ಆಗಿತ್ತು. ಅದಕ್ಕೆ ಪರೀಕ್ಷೆ ಬೇಕಾಯಿತು. ಇಲ್ಲಿ ಪ್ರಶ್ನೆಯೇ ಇಲ್ಲ. ಪ್ರಶ್ನೆಯಿಲ್ಲದೆ ಗೋರಿ ತೆರೆಯುವುದು ಸಂಶೋಧನೆ ಅಲ್ಲ, ಬರೀ ಕೆದಕಾಟ.

ಪರೀಕ್ಷಿಸಿದರೂ ಡಿಎನ್ಎ ಸಿಗುವ ಭರವಸೆ ಕಡಿಮೆ. ಡಿಎನ್ಎಗೆ ದೊಡ್ಡ ವೈರಿ ನೆಲದ ಬಿಸಿ. ಲೆಸ್ಟರಿನ ತಣ್ಣನೆ ನೆಲವೆಲ್ಲಿ, ವಿಜಯಪುರದ ಏಪ್ರಿಲ್ ಎಲ್ಲಿ! ಹರಿಯಾಣದ ರಾಖಿಗಢಿಯಲ್ಲಿ 61 ಮಾದರಿ ಪರೀಕ್ಷಿಸಿ ಉಪಯೋಗಕ್ಕೆ ಬರುವ ಡಿಎನ್ಎ ಸಿಕ್ಕದ್ದು ಒಬ್ಬ ಹೆಂಗಸಿನದು ಮಾತ್ರ. ಖಾನಾಪುರ ಕಡೆಯ ಜಂಬಿಟ್ಟಿಗೆ ಮಣ್ಣು ಹುಳಿ, ಮಳೆಯೂ ಜೋರು, ಎಲುಬೇ ಕರಗುತ್ತದೆ. ಎರೆಮಣ್ಣಿನಲ್ಲಿ ಸುಣ್ಣವಿರುವುದರಿಂದ ಎಲುಬಿನ ಆಕಾರ ಉಳಿಯುತ್ತದೆ, ಆದರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣು ಒಳಗಿದ್ದದ್ದನ್ನು ಜಾಗ ಬಿಡಿಸಿ ಒಡೆಯುತ್ತದೆ.

ಇಮ್ಮಡಿ ಪುಲಕೇಶಿಯ ಎಲುಬನ್ನು ಬಾದಾಮಿಯಲ್ಲಿ ಹುಡುಕಬಹುದೇ?
(ಗುಳೇದಗುಡ್ಡ)

ಆಗದು. ಸುಡುವ ಪದ್ಧತಿಯಲ್ಲಿ ಹುಡುಕಲು ಉಳಿಯುವುದು ಏನೂ ಇಲ್ಲ. 642ರಲ್ಲಿ ಬಾದಾಮಿ ಪಲ್ಲವರ ಕೈಸೇರಿತು ಎನ್ನುವುದಕ್ಕೆ ಅಲ್ಲಿಯ ಬಂಡೆಯ ಮೇಲೆ ಪಲ್ಲವ ನರಸಿಂಹವರ್ಮನದೇ ಶಾಸನವಿದೆ. ಚಾಲುಕ್ಯರ ದೊರೆಗಳನ್ನು ಕಲ್ಲಿನಲ್ಲಿ ಓದಬೇಕು, ಎಲುಬಿನಲ್ಲಲ್ಲ.

ನಮ್ಮ ದೇಶದಲ್ಲಿ ಹೀಗೆ ರಾಜಮನೆತನದವರ ಎಲುಬು ಗುರುತಿಸಿದ್ದುಂಟೇ?
(ಉಪನ್ಯಾಸಕಿ, ಖಾನಾಪುರ)

ಉಂಟು, ಅದೂ ನಿಮ್ಮ ಮಗ್ಗುಲಲ್ಲೇ. ಜಾರ್ಜಿಯಾ ದೇಶದ ರಾಣಿ ಕೆಟೆವಾನಳನ್ನು 1624ರಲ್ಲಿ ಪರ್ಷಿಯಾದ ಶಿರಾಜ್ ಪಟ್ಟಣದಲ್ಲಿ ಚಿತ್ರಹಿಂಸೆ ಕೊಟ್ಟು ಕೊಂದರು. ಅಗಸ್ಟೀನಿಯನ್ ಪಾದ್ರಿಗಳು ಅವಳ ಅಸ್ಥಿಗಳ ಒಂದು ಭಾಗವನ್ನು ಹಳೇ ಗೋವಾಕ್ಕೆ ತಂದರು. ಈಗ ಮುರಿದ ಗೋಪುರ ಮಾತ್ರ ಉಳಿದಿರುವ ಸಂತ ಅಗಸ್ಟೀನ್ ಮಠದ ಸಭಾಕೋಣೆಯ ಎರಡನೇ ಕಿಟಕಿಯ ಬಳಿ ಇಟ್ಟರೆಂದು ಪೋರ್ಚುಗೀಸ್ ದಾಖಲೆ ಹೇಳುತ್ತಿತ್ತು. ಇಲ್ಲೂ ಮೊದಲು ಕಾಗದ, ಆಮೇಲೆ ಗುದ್ದಲಿ. ಭಾರತೀಯ ಪುರಾತತ್ವ ಸರ್ವೇಕ್ಷಣೆಯವರು ಆ ಕಟ್ಟಡದ ನಕ್ಷೆ ಬಿಡಿಸಿ ಹುಡುಕಿದಾಗ ಎಲುಬುಗಳು ಸಿಕ್ಕವು. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿ ಪರೀಕ್ಷಿಸಿದಾಗ ಒಂದು ಎಲುಬಿನ ಮೈಟೊಕಾಂಡ್ರಿಯ ಯು1ಬಿ ಎಂಬ ಗುಂಪಿನದಾಗಿತ್ತು. 22 ಸಾವಿರಕ್ಕೂ ಹೆಚ್ಚು ಭಾರತೀಯರ ಮಾದರಿಗಳಲ್ಲಿ ಆ ಗುಂಪು ಒಂದೂ ಇರಲಿಲ್ಲ. 30 ಜಾರ್ಜಿಯನ್ನರಲ್ಲಿ ಇಬ್ಬರಿಗೆ ಇತ್ತು. ಅಲ್ಲೇ ಸಿಕ್ಕ ಬೇರೆ ಎಲುಬುಗಳು ಈ ಗುಂಪಿನವಲ್ಲ. 2021ರಲ್ಲಿ ಭಾರತ ಆ ಅಸ್ಥಿಯನ್ನು ಜಾರ್ಜಿಯಾಕ್ಕೆ ಒಪ್ಪಿಸಿತು.

ರಿಚರ್ಡನ ಪುರಾವೆಗಿಂತ ಇದರ ತೂಕ ಒಂದು ಮೆಟ್ಟಿಲು ಕಡಿಮೆ ಎಂದೇ ನಮ್ಮ ಎಣಿಕೆ. ಅಲ್ಲಿ ರಕ್ತಸಂಬಂಧಿಗೆ ಹೊಂದಿಸಿದರು. ಇಲ್ಲಿ ‘ಈ ಎಲುಬು ಇಲ್ಲಿಯವರದಲ್ಲ, ಆ ಕಡೆಯವರದಾಗಿರಬಹುದು’ ಎಂದಷ್ಟೇ ಡಿಎನ್ಎ ಹೇಳಿತು. ಉಳಿದದ್ದನ್ನು ಹೇಳಿದ್ದು ಕಿಟಕಿಯ ದಾಖಲೆ.

ಮನೆಯ ಪಾಯ ತೆಗೆಯುವಾಗ, ಬಾವಿ ತೋಡುವಾಗ ಹಳೇ ಎಲುಬು ಸಿಕ್ಕರೆ ಏನು ಮಾಡಬೇಕು?
(ಅಥಣಿ, ಹುನಗುಂದ, ಸಿಂದಗಿಯಿಂದ)

ಮೊದಲು ಕೆಲಸ ನಿಲ್ಲಿಸಿ, ಯಂತ್ರ ಹಿಂದಕ್ಕೆ ತೆಗೆಯಿರಿ. ಎಲುಬು ಎತ್ತಬೇಡಿ, ತೊಳೆಯಬೇಡಿ, ನೀರು ಚಿಮುಕಿಸಿ ಸ್ವಚ್ಛ ಮಾಡಬೇಡಿ. ಇದ್ದಲ್ಲೇ ಒಂದು ಅಳತೆಪಟ್ಟಿ ಇಟ್ಟು, ಉತ್ತರ ದಿಕ್ಕು ಯಾವುದೆಂದು ಗುರುತು ಮಾಡಿ ಫೋಟೋ ತೆಗೆಯಿರಿ. ಮೇಲೆ ತೆಳು ಬಟ್ಟೆ ಹೊದಿಸಿ ಸಡಿಲ ಮಣ್ಣು ಹಾಕಿ ನೆರಳು ಮಾಡಿ. ಪ್ಲಾಸ್ಟಿಕ್ ಹಾಳೆಯನ್ನು ನೇರ ಹೊದಿಸಿದರೆ ಒಳಗೆ ಬೆವೆತು ಬೂಸಲು ಹಿಡಿಯುತ್ತದೆ. ತೆರೆದೇ ಬಿಟ್ಟರೆ ಒಂದು ಮಧ್ಯಾಹ್ನದ ಬಿಸಿಲಿಗೆ ಸೀಳುತ್ತದೆ.

ಮನುಷ್ಯರ ಎಲುಬು ಅನಿಸಿದರೆ ಮೊದಲು ಪೊಲೀಸರಿಗೆ, ತಹಶೀಲ್ದಾರರಿಗೆ ತಿಳಿಸಿ. ಹಳೆಯದೋ ಹೊಸದೋ ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ಹಳೆಯದಾದರೆ ಮುಂದಿನದು ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯದು. ಕೇಂದ್ರದ ಸಂರಕ್ಷಿತ ಸ್ಮಾರಕದ ಹತ್ತಿರವಾದರೆ ಪುರಾತತ್ವ ಸರ್ವೇಕ್ಷಣೆಯ ಧಾರವಾಡ ವಲಯ ಕಚೇರಿಯದು. ಅಂಥ ಸ್ಮಾರಕದ 100 ಮೀಟರ್ ಒಳಗಂತೂ ಹೊಸದಾಗಿ ಪಾಯ ತೆಗೆಯುವುದೇ ನಿಷೇಧ. ಜತೆಗೆ ನಾಣ್ಯ, ಒಡವೆ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಮುಚ್ಚಿಟ್ಟರೆ ಶಿಕ್ಷೆಯುಂಟು.

ನೀವು ಬರೆದಿಡಬೇಕಾದದ್ದು ದಿಕ್ಕು ಮತ್ತು ಭಂಗಿ. ತಲೆ ಉತ್ತರಕ್ಕೆ, ಮುಖ ಪಶ್ಚಿಮಕ್ಕೆ ಇದ್ದರೆ ಮುಸ್ಲಿಮರ ಗೋರಿ ಇರಬಹುದು. ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ ಇದ್ದರೆ ಕ್ರೈಸ್ತರದು. ರಿಚರ್ಡನೂ ಹಾಗೇ ಮಲಗಿದ್ದ. ಲಿಂಗಾಯತರಲ್ಲಿ ಕೂಡಿಸಿ ಸಮಾಧಿ ಮಾಡುವುದರಿಂದ, ಮಾಂಸ ಕರಗಿದ ಮೇಲೆ ಬುರುಡೆ, ಪಕ್ಕೆಲುಬು ಕೆಳಗೆ ಕುಸಿದು ಸೊಂಟದೆಲುಬಿನ ಮೇಲೆ ಗುಡ್ಡೆಯಾಗಿರುತ್ತವೆ. ಗೊತ್ತಿಲ್ಲದವರು ಅದನ್ನು ಕಂಡು ‘ಯಾರೋ ಕಡಿದು ಗುಂಡಿಗೆ ತುಂಬಿದ್ದಾರೆ’ ಎಂದು ಊರೆಲ್ಲ ಸುದ್ದಿ ಮಾಡಿಬಿಡುತ್ತಾರೆ. ಗುಡ್ಡೆಯ ಮೇಲಿನ ಎಲುಬು ಯಾವುದು, ತಳದಲ್ಲಿ ಯಾವುದು ಎಂದು ನೋಡಿದರೆ ಸಾಕು. ಬುರುಡೆ ಮೇಲೆ, ಮಡಿಚಿದ ಕಾಲೆಲುಬುಗಳು ತಳದಲ್ಲಿ ಇದ್ದರೆ ಅದು ಕೂತವರು ಕೂತಲ್ಲೇ ಇಳಿದದ್ದು. ಈ ಕ್ರಮ ಕಾಣಬೇಕಾದರೆ ಗುಡ್ಡೆಯನ್ನು ಯಾರೂ ಮುಟ್ಟಿರಬಾರದು. ಪಾಯದ ತಗ್ಗಿನ ಸುತ್ತ ಹಗ್ಗ ಕಟ್ಟಿ, ಇಲಾಖೆಯವರು ಬರುವ ತನಕ ಮನೆಯವರೊಬ್ಬರು ಅಲ್ಲೇ ಇರಲಿ.